ಶಾಲೆ ಮುಚ್ಚಿದಾಗ ಯಾವ ಮಗು ಯಾರ ಲೆಕ್ಕದಲ್ಲಿದೆ?

ಪ್ರಶ್ನೆ: ನಾನು ಶರಾವತಿ ಹಿನ್ನೀರಿನ ಭಾಗದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯ ಶಿಕ್ಷಕಿ. ಎಂಟನೆಯ ತರಗತಿಯವರೆಗೆ 64 ಮಕ್ಕಳಿದ್ದಾರೆ. ನನ್ನನ್ನೂ ಸೇರಿಸಿ ಮೂವರು ಶಿಕ್ಷಕರು, ಒಬ್ಬರು ಅತಿಥಿ ಶಿಕ್ಷಕಿ. ಮಕ್ಕಳ ಮನೆಗಳು ಆರು ಮಜರೆಗಳಲ್ಲಿ ಚದುರಿಹೋಗಿವೆ. ಕೊರೊನಾ ಕಾಲದಲ್ಲಿ ವಾಟ್ಸ್‌ಆ್ಯಪ್ ಗುಂಪು ಮಾಡಿ ಪ್ರತಿದಿನ ಪಾಠ ಕಳುಹಿಸಿದೆವು. ಶಾಲೆ ತೆರೆದ ಮೇಲೆ ನೋಡಿದರೆ ಎಷ್ಟೋ ಮಕ್ಕಳು ನಮ್ಮ ಕೈತಪ್ಪಿದ್ದರು. ಈಗ ಮಳೆಗಾಲದಲ್ಲಿ ಪದೇ ಪದೇ ರಜೆ ಘೋಷಣೆಯಾಗುತ್ತದೆ. ಕಳೆದ ವರ್ಷ ಹಳ್ಳದ ಮೇಲಿನ ಕಾಲುಸಂಕ ಕೊಚ್ಚಿಹೋಗಿ ಎರಡು ಮಜರೆಗಳ ಮಕ್ಕಳು ಹತ್ತು ದಿನ ಬರಲಾಗಲಿಲ್ಲ. ದಾನಿಗಳನ್ನು ಹುಡುಕಿ ಎಲ್ಲ ಮಕ್ಕಳಿಗೂ ಟ್ಯಾಬ್ ಕೊಡಿಸೋಣ ಎಂದು ನಮ್ಮ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಹೇಳುತ್ತಿದ್ದಾರೆ. ಇದು ಸರಿಯೇ? ಶಾಲೆಗೆ ಬರಲಾಗದ ದಿನಗಳಲ್ಲಿ ಮಕ್ಕಳು, ಪೋಷಕರು ಮತ್ತು ಶಿಕ್ಷಕರು ಒಬ್ಬರಿಗೊಬ್ಬರು ಆಸರೆಯಾಗಿ ಉಳಿಯಲು ನಾವು ಏನು ಮಾಡಬೇಕು?

ಉತ್ತರ: ಟ್ಯಾಬ್ ಬೇಡವೆಂದು ನಾನು ಹೇಳುವುದಿಲ್ಲ, ಆದರೆ ನೀವು ಮಾಡಬೇಕಾದ ಮೊದಲ ಕೆಲಸ ಅದಲ್ಲ. ಅದರ ಕಾರಣ ನಿಮ್ಮ ಪತ್ರದಲ್ಲಿಯೇ ಇದೆ. ಮಕ್ಕಳು ಕೈತಪ್ಪಿದ್ದು ನಿಮಗೆ ಗೊತ್ತಾದದ್ದು ಶಾಲೆ ತೆರೆದ ಮೇಲೆ ಎಂದು ಬರೆದಿದ್ದೀರಿ. ಪಾಠ ಪ್ರತಿದಿನ ಹೋಗುತ್ತಿತ್ತು, ಆದರೆ ಯಾವ ಮಗುವಿಗೆ ಅದು ತಲುಪುತ್ತಿಲ್ಲ ಎಂಬುದನ್ನು ತಿಳಿಯುವ ದಾರಿ ನಿಮ್ಮ ಬಳಿ ಇರಲಿಲ್ಲ. ಟ್ಯಾಬ್ ಬಂದರೆ ಪಾಠ ಇನ್ನಷ್ಟು ಚೆಂದವಾಗಿ ಹೋದೀತು. ಈ ಕೊರತೆ ಮಾತ್ರ ಹಾಗೆಯೇ ಉಳಿಯುತ್ತದೆ.

ಇದು ನಿಮ್ಮೊಬ್ಬರ ಶಾಲೆಯ ತಪ್ಪಾಗಿರಲಿಲ್ಲ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ನಾವೆಲ್ಲರೂ ಕೇಳಿದ ಮೊದಲ ಪ್ರಶ್ನೆ ‘ಪಾಠವನ್ನು ಹೇಗೆ ಮುಟ್ಟಿಸುವುದು’ ಎಂಬುದೇ ಆಗಿತ್ತು. ಆಗ ನಾನು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ, ಅಂದರೆ ನಾವು ಡಯಟ್ ಎಂದು ಕರೆಯುವಲ್ಲಿ, ಉಪನ್ಯಾಸಕನಾಗಿದ್ದೆ. ಆ ಪ್ರಶ್ನೆಯನ್ನೇ ನಾನೂ ಶಿಕ್ಷಕರ ತಲೆಗೆ ತುಂಬಿದವನು. ಇಲಾಖೆ ಯೂಟ್ಯೂಬ್‌ನಲ್ಲಿ ‘ಮಕ್ಕಳವಾಣಿ’ಯನ್ನು ಆರಂಭಿಸಿತು, ಜುಲೈನಲ್ಲಿ ಚಂದನ ವಾಹಿನಿಯಲ್ಲಿ ಪ್ರೌಢಶಾಲಾ ಮಕ್ಕಳಿಗಾಗಿ ‘ಸೇತುಬಂಧ’ ಪಾಠಗಳು ಪ್ರಸಾರವಾದವು. ಆದರೆ 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಅಂತರ್ಜಾಲ ಸೌಲಭ್ಯವಿದ್ದದ್ದು ಶೇ 15ರಷ್ಟಕ್ಕೆ ಮಾತ್ರ. ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನೆಟ್‌ವರ್ಕ್ ಸಿಗುವ ರಸ್ತೆಬದಿಯಲ್ಲಿ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಸುರಿಮಳೆಯಲ್ಲಿ ಕೊಡೆ ಹಿಡಿದು ನಿಂತ 2021ರ ಚಿತ್ರ ನಿಮಗೂ ನೆನಪಿರಬಹುದು. ಅದನ್ನು ನೋಡಿ ಎಲ್ಲರೂ ಮೆಚ್ಚಿಕೊಂಡರು; ಕೊಡೆ ಹಿಡಿಯಲು ಯಾರೂ ಬಿಡುವಾಗಿಲ್ಲದ ಮನೆಗಳ ಮಕ್ಕಳ ಚಿತ್ರವನ್ನು ಮಾತ್ರ ಯಾರೂ ತೆಗೆಯಲಿಲ್ಲ.

ಆ ಕಾಲದಲ್ಲಿ ನಡೆದ ಪ್ರಯತ್ನಗಳಲ್ಲಿ ಮೂಲ ವಿಚಾರವೇ ಸರಿಯಾಗಿದ್ದದ್ದು ‘ವಿದ್ಯಾಗಮ’ದಲ್ಲಿ ಎಂಬುದು ನನ್ನ ಅಭಿಪ್ರಾಯ. 2020ರ ಆಗಸ್ಟ್‌ನಲ್ಲಿ ಆರಂಭವಾದ ಆ ಕಾರ್ಯಕ್ರಮದಲ್ಲಿ ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ಗುರುತಿಸಿ, ಒಬ್ಬೊಬ್ಬ ಶಿಕ್ಷಕರಿಗೆ ಇಪ್ಪತ್ತು ಇಪ್ಪತ್ತೈದು ಮಕ್ಕಳ ಹೊಣೆಯನ್ನು ವಹಿಸಲಾಗಿತ್ತು. ಶಿಕ್ಷಕರು ದೇವಸ್ಥಾನದ ಜಗಲಿ, ಸಮುದಾಯ ಭವನ, ಮರದ ನೆರಳು ಎಂದು ಮಕ್ಕಳಿದ್ದಲ್ಲಿಗೇ ಹೋದರು; ಜನ ಅದಕ್ಕೆ ‘ವಠಾರ ಶಾಲೆ’ ಎಂದೂ ಹೆಸರಿಟ್ಟರು. ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ತಗುಲಿದ ವರದಿಗಳು ಬಂದಾಗ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು, 2021ರ ಜನವರಿಯಲ್ಲಿ ಶಾಲಾ ಆವರಣದಲ್ಲಿ ಮತ್ತೆ ಆರಂಭಿಸಿದರೂ ಎರಡನೆಯ ಅಲೆ ಬಂತು. ಒಂದರಿಂದ ಐದನೆಯ ತರಗತಿಯ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳಲ್ಲಿ 16 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರಿಶೀಲಿಸಿದಾಗ, ಶೇ 92ರಷ್ಟು ಮಕ್ಕಳು ಹಿಂದೆ ತಮಗಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನಾದರೂ ಮರೆತಿದ್ದರು. ಗಣಿತದಲ್ಲಿ ಆ ಪ್ರಮಾಣ ಶೇ 82.

ವಿದ್ಯಾಗಮದಿಂದ ನೀವು ಎರವಲು ಪಡೆಯಬೇಕಾದದ್ದು ಒಂದನ್ನೇ: ಪ್ರತಿ ಮಗುವೂ ಹೆಸರು ಹಿಡಿದು ಒಬ್ಬ ದೊಡ್ಡವರ ಲೆಕ್ಕದಲ್ಲಿರಬೇಕು. 64 ಮಕ್ಕಳನ್ನು ನೀವು ನಾಲ್ವರು ಹಂಚಿಕೊಂಡರೆ ಒಬ್ಬರಿಗೆ 16 ಮಕ್ಕಳು ಬರುತ್ತಾರೆ. ತರಗತಿಯ ಪ್ರಕಾರ ಹಂಚಬೇಡಿ, ಮಜರೆ ಮತ್ತು ಮನೆಯ ಪ್ರಕಾರ ಹಂಚಿ. ಒಂದೇ ಮನೆಯ ಅಣ್ಣ ತಂಗಿಯರು ಇಬ್ಬರು ಶಿಕ್ಷಕರ ಪಾಲಿಗೆ ಹೋದರೆ ಆ ಮನೆಗೆ ಎರಡು ಬಾರಿ ಫೋನ್ ಹೋಗುತ್ತದೆ ಅಥವಾ, ಅವರು ಮಾಡಿರುತ್ತಾರೆ ಎಂದುಕೊಂಡು, ಒಂದು ಸಲವೂ ಹೋಗುವುದಿಲ್ಲ.

ಇದಕ್ಕೊಂದು ಪ್ರತ್ಯೇಕ ಪುಸ್ತಕ ಬೇಕು. ದಾಖಲಾತಿ ವಹಿಯಲ್ಲಿರುವ ಫೋನ್ ಸಂಖ್ಯೆಗಳನ್ನು ನಂಬಿ ಕೂರಬೇಡಿ. ನಾನು ಭೇಟಿ ಕೊಟ್ಟ ಶಾಲೆಯೊಂದರಲ್ಲಿ ಏಳನೆಯ ತರಗತಿಯ ಸಂಖ್ಯೆಗಳಿಗೆ ಕರೆ ಮಾಡಿಸಿದಾಗ, ಒಂದು ಸಂಖ್ಯೆಯನ್ನು ಬೆಂಗಳೂರಿನಲ್ಲಿ ದುಡಿಯುತ್ತಿದ್ದ ಸೋದರಮಾವ ಎತ್ತಿದರು, ಇನ್ನೊಂದು ಊರಿನ ಕಿರಾಣಿ ಅಂಗಡಿಯದ್ದಾಗಿತ್ತು, ಹಲವು ಸಂಖ್ಯೆಗಳ ರೀಚಾರ್ಜ್ ಎಂದೋ ಮುಗಿದಿತ್ತು. ಆದ್ದರಿಂದ ಜೂನ್ ಮೊದಲ ವಾರದಲ್ಲಿ, ಮಳೆ ಹಿಡಿಯುವ ಮೊದಲೇ, ಪ್ರತಿ ಸಂಖ್ಯೆಗೂ ಒಮ್ಮೆ ಕರೆ ಮಾಡಿ ನೋಡಿ. ಆ ಫೋನು ಯಾರದು, ಹಗಲಲ್ಲಿ ಅದು ಮನೆಯಲ್ಲಿರುತ್ತದೆಯೋ ತೋಟಕ್ಕೋ ಕೂಲಿಗೋ ಹೋಗುತ್ತದೆಯೋ, ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ, ಕರೆಂಟ್ ಹೋಗಿ ಮೂರು ದಿನವಾದರೆ ಎಲ್ಲಿ ಚಾರ್ಜ್ ಮಾಡುತ್ತಾರೆ, ಆ ಮನೆಯಲ್ಲಿ ಓದು ಬಲ್ಲವರು ಯಾರು, ಫೋನ್ ಸಿಗದೇ ಹೋದರೆ ಹೇಳಿ ಕಳುಹಿಸಬಹುದಾದ ನೆರೆಯವರು ಯಾರು ಎಂಬುದನ್ನೆಲ್ಲ ಬರೆದಿಡಿ. ಮಲೆನಾಡಿನಲ್ಲಿ ಬೇಸಿಗೆಗೂ ಮಳೆಗಾಲಕ್ಕೂ ಇದರ ಉತ್ತರ ಬೇರೆಯಾಗುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಶಾಲೆ ಮುಚ್ಚಿರುವ ದಿನಗಳಲ್ಲಿ ಪ್ರತಿ ಶಿಕ್ಷಕರೂ ತಮ್ಮ ಹದಿನಾರು ಮಕ್ಕಳೊಂದಿಗೆ ವಾರಕ್ಕೆ ಒಮ್ಮೆಯಾದರೂ ಮಾತನಾಡಲಿ. ಕರೆಯೊಂದಕ್ಕೆ ಏಳೆಂಟು ನಿಮಿಷ ಹಿಡಿದರೂ ಒಟ್ಟು ಎರಡು ಗಂಟೆಯ ಕೆಲಸ. ದಿನಕ್ಕೆರಡು ವಿಡಿಯೊ ಹುಡುಕಿ ಕಳುಹಿಸಲು ನಾವು ಅಂದು ಕಳೆದ ಸಮಯಕ್ಕಿಂತ ಇದು ಕಡಿಮೆ. ಮಾತನಾಡಬೇಕಾದದ್ದು ಮಗುವಿನೊಂದಿಗೆ. ತಾಯಿಯೊಂದಿಗೆ ಮಾತನಾಡಿ, ಮಗು ಚೆನ್ನಾಗಿದೆ ಎಂದು ಕೇಳಿ ಇಟ್ಟುಬಿಟ್ಟರೆ ಅದು ವಿಚಾರಣೆಯಾಗುತ್ತದೆ, ಸಂಪರ್ಕವಾಗುವುದಿಲ್ಲ. ‘ಹೋಂವರ್ಕ್ ಮಾಡಿದ್ಯಾ’ ಎಂದು ಆರಂಭಿಸಿದ ಕರೆಗೆ ಮುಂದಿನ ವಾರ ಮಗು ಫೋನ್ ಬಳಿ ಬರುವುದಿಲ್ಲ. ಆ ಮಗುವಿಗೇ ಸೇರಿದ ಒಂದು ಮಾತಿನಿಂದ ಆರಂಭಿಸಿ: ಕರು ಹಾಕಿದ ಹಸು ಹೇಗಿದೆ, ಅಜ್ಜಿಗೆ ಜ್ವರ ಬಿಟ್ಟಿತೇ, ಹಳ್ಳದ ನೀರು ಎಲ್ಲಿಯವರೆಗೆ ಬಂದಿದೆ. ಪಾಠದ ಮಾತು ಆಮೇಲೆ ತಾನಾಗಿ ಬರುತ್ತದೆ. ಕರೆ ಮುಗಿದ ಮೇಲೆ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ. ‘ಮಾತನಾಡಿದೆ’ ಎಂದು ಟಿಕ್ ಹಾಕುವುದಕ್ಕಿಂತ ‘ಅಪ್ಪ ಊರಲ್ಲಿಲ್ಲ, ತಮ್ಮನನ್ನು ಇವಳೇ ನೋಡಿಕೊಳ್ಳುತ್ತಿದ್ದಾಳೆ’ ಎಂಬ ಒಂದು ಸಾಲು ಮುಂದಿನ ವಾರ ಕರೆ ಮಾಡುವವರಿಗೆ ನೂರು ಪಟ್ಟು ಉಪಯುಕ್ತ.

ಎರಡು ಕರೆಗೂ ಉತ್ತರ ಬಾರದಿದ್ದರೆ ಮೂರನೆಯ ಕರೆಗಾಗಿ ಕಾಯದೆ ಮಜರೆಯಲ್ಲಿರುವ ಒಬ್ಬರಿಗೆ ಹೇಳಬೇಕು. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ನಿಮ್ಮಲ್ಲೇ ಓದಿ ಈಗ ಕಾಲೇಜಿಗೆ ಹೋಗುತ್ತಿರುವ ಹುಡುಗಿ, ಹೀಗೆ ಆ ಮನೆಯ ಅಂಗಳಕ್ಕೆ ಹೋಗಿ ನಿಲ್ಲಬಲ್ಲ ಯಾರಾದರೂ ಆದೀತು. ಅವರನ್ನು ಮೊದಲೇ ಗೊತ್ತುಮಾಡಿ, ಅವರ ಒಪ್ಪಿಗೆ ಪಡೆದು, ಪೋಷಕರ ಸಭೆಯಲ್ಲಿ ಎಲ್ಲರೆದುರು ಹೆಸರು ಹೇಳಿರಬೇಕು. ನಿಮ್ಮ ಭಾಗದಲ್ಲಿ ಹಾಲಿನ ಡೈರಿ ಇದ್ದರೆ ಅದಕ್ಕಿಂತ ಒಳ್ಳೆಯ ಜಾಲ ಮತ್ತೊಂದಿಲ್ಲ. ಎಂಥ ಮಳೆಯಲ್ಲೂ ಹಾಲು ಹಾಕುವ ಮನೆಯವರು ಅಲ್ಲಿಗೆ ಬಂದೇ ಬರುತ್ತಾರೆ, ಅಭ್ಯಾಸ ಹಾಳೆಗಳ ಕಟ್ಟನ್ನು ಅಲ್ಲಿಟ್ಟರೆ ಸಂಜೆಯೊಳಗೆ ಹತ್ತಾರು ಮನೆ ಸೇರುತ್ತವೆ. ಆದರೆ ಹಸು ಕಟ್ಟದ ಮನೆಗಳ ಹೆಸರನ್ನು ಬೇರೆಯಾಗಿ ಬರೆದುಕೊಳ್ಳಿ, ಏಕೆಂದರೆ ಯಾವ ಜಾಲಕ್ಕೂ ಸಿಗದೆ ಜಾರಿಹೋಗುವವು ಹೆಚ್ಚಾಗಿ ಅವೇ ಮನೆಗಳು.

ವಾಟ್ಸ್‌ಆ್ಯಪ್ ಗುಂಪಿನ ವಿಷಯಕ್ಕೆ ಬರುತ್ತೇನೆ. ಗುಂಪು ಇರಲಿ, ಸೂಚನೆಗಳಿಗೆ ಮಾತ್ರ ಇರಲಿ, ಅಡ್ಮಿನ್‌ಗಳಷ್ಟೇ ಸಂದೇಶ ಹಾಕುವಂತೆ ಬದಲಾಯಿಸಿ. ಗುಂಪಿಗೆ ಸೇರಿದ ಪ್ರತಿ ತಾಯಿಯ ಫೋನ್ ಸಂಖ್ಯೆಯೂ ಉಳಿದೆಲ್ಲರಿಗೂ ಕಾಣುತ್ತದೆ ಎಂಬುದನ್ನು ನಾವು ಆಗ ಯೋಚಿಸಲೇ ಇಲ್ಲ. ಕೆಲವು ಮನೆಗಳಲ್ಲಿ ಹೆಣ್ಣುಮಕ್ಕಳು ಗುಂಪಿನಿಂದ ಹೊರಬಂದದ್ದು ಇದೇ ಕಾರಣಕ್ಕೆ. ಸಂಖ್ಯೆ ಹಂಚಿಕೊಳ್ಳಲು ಇಷ್ಟವಿಲ್ಲದವರಿಗೆ ಬ್ರಾಡ್‌ಕಾಸ್ಟ್ ಪಟ್ಟಿಯ ಮೂಲಕ ಕಳುಹಿಸಬಹುದು, ಆದರೆ ಅವರ ಫೋನಿನಲ್ಲಿ ನಿಮ್ಮ ಸಂಖ್ಯೆ ಸೇವ್ ಆಗಿರಬೇಕು, ಇಲ್ಲದಿದ್ದರೆ ಸಂದೇಶ ತಲುಪುವುದಿಲ್ಲ. ಓದು ಬಾರದ ಪೋಷಕರಿಗಾಗಿ ಪ್ರತಿ ಸೂಚನೆಯನ್ನೂ ನಿಮ್ಮದೇ ಧ್ವನಿಯಲ್ಲಿ, ನಿಮ್ಮೂರಿನ ಆಡುಮಾತಿನಲ್ಲಿ, ಒಂದು ನಿಮಿಷದೊಳಗೆ ಹೇಳಿ ಕಳುಹಿಸಿ. ಕೆಲಸ ಮುಗಿಸದವರ ಪಟ್ಟಿಯನ್ನು ಗುಂಪಿನಲ್ಲಿ ಎಂದೂ ಹಾಕಬೇಡಿ. ಮಕ್ಕಳು ಉತ್ತರ ಬರೆದ ಹಾಳೆಗಳ ಫೋಟೊಗಳನ್ನು ಕೂಡ ಎಲ್ಲರ ಎದುರು ತರಿಸಿಕೊಳ್ಳಬೇಡಿ; ಚೆನ್ನಾಗಿ ಬರೆಯುವ ಹತ್ತು ಮಕ್ಕಳ ಹಾಳೆ ಬಂದ ಕೂಡಲೇ ಉಳಿದವರ ಮನೆಯಲ್ಲಿ ಫೋನ್ ಮೌನವಾಗುತ್ತದೆ.

ಪಾಠದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ನಿಮಗೆ ಗೊತ್ತು. ಕೇಂದ್ರ ಶಿಕ್ಷಣ ಇಲಾಖೆ 2020ರ ಜುಲೈನಲ್ಲಿ ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿಯೇ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿಗಿಂತ ಹೆಚ್ಚು ಆನ್‌ಲೈನ್ ತರಗತಿ ಬೇಡವೆಂದಿತ್ತು. ಒಂದರಿಂದ ಮೂರನೆಯ ತರಗತಿಯ ನಲಿಕಲಿ ಮಕ್ಕಳಿಗಂತೂ ಫೋನ್ ಪಾಠ ಒಗ್ಗುವುದೇ ಇಲ್ಲ. ಗುಂಪಿನಲ್ಲಿ ಕುಳಿತು ಕಾರ್ಡು ಎತ್ತಿ ಕಲಿಯುವ ಪದ್ಧತಿಯನ್ನು ಅಂಗೈಯಗಲದ ಪರದೆಗೆ ಇಳಿಸಲು ಆಗದು. ಅವರಿಗೆ ಮನೆಯ ಹಿರಿಯರಿಂದ ಒಂದು ಕಥೆ ಕೇಳಿ ಮುಂದಿನ ಕರೆಯಲ್ಲಿ ನಿಮಗೆ ಹೇಳುವ ಕೆಲಸ ಕೊಡಿ. ಓದು ಬಂದವರಿಗೆ ಪುಸ್ತಕ ಮುಟ್ಟಿಸಿ. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ನೀಡಲಾಯಿತು. ನಿಮ್ಮ 64 ಮಕ್ಕಳೂ ಸದಸ್ಯರೇ ಎಂದು ನೋಡಿ, ಮಳೆಗಾಲಕ್ಕೆ ಮೊದಲೇ ಪ್ರತಿ ಮಜರೆಗೆ ಒಂದು ಚೀಲ ಪುಸ್ತಕ ಹೋಗುವಂತೆ ಗ್ರಂಥಾಲಯ ಮೇಲ್ವಿಚಾರಕರೊಂದಿಗೆ ಮಾತನಾಡಿಕೊಳ್ಳಿ.

ಪಾಠಕ್ಕಿಂತ ಮೊದಲು ಯೋಚಿಸಬೇಕಾದದ್ದು ಊಟದ ಬಗ್ಗೆ. ಶಾಲೆ ಮುಚ್ಚಿದ ದಿನ ಕೆಲವು ಮಕ್ಕಳ ಹೊಟ್ಟೆಗೆ ಬೀಳುವ ಒಂದು ಊಟವೇ ಕಡಿಮೆಯಾಗುತ್ತದೆ. ಬಿಸಿಯೂಟದ ಲೆಕ್ಕದಲ್ಲಿ ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟನೆಯ ತರಗತಿಯ ಮಗುವಿಗೆ 150 ಗ್ರಾಂ ಆಹಾರಧಾನ್ಯ ಸಲ್ಲುತ್ತದೆ. ಕೊರೊನಾ ಕಾಲದಲ್ಲಿ ಅದನ್ನು ಅಕ್ಕಿ ಬೇಳೆಯಾಗಿ ಮನೆಗೆ ಕೊಡಲಾಯಿತು. ಹತ್ತು ದಿನಗಳ ಮಳೆಗೆ ಅಂಥ ವ್ಯವಸ್ಥೆ ತಾನಾಗಿ ಬರುವುದಿಲ್ಲ, ಆದ್ದರಿಂದ ರಸ್ತೆ ಕಡಿತವಾಗುವ ಎರಡು ಮಜರೆಗಳಿಗೆ ಏನು ಮಾಡಲು ಸಾಧ್ಯವೆಂದು ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರನ್ನು ಈಗಲೇ ಬರವಣಿಗೆಯಲ್ಲಿ ಕೇಳಿ. ಅಂದು ರೇಷನ್ ಪಡೆಯಲು ಪೋಷಕರು ಶಾಲೆಗೆ ಬರುತ್ತಿದ್ದ ದಿನ ನಿಜವಾದ ಪೋಷಕರ ಸಭೆಯಾಗುತ್ತಿತ್ತು ಎಂಬುದನ್ನು ನಾನು ಹಲವು ಕಡೆ ಕಂಡಿದ್ದೇನೆ. ಇನ್ನೊಂದು ಮಾತು. ಊರಿನ ಯಾವ ಮನೆಯಲ್ಲಿ ಒಲೆ ಹೇಗೆ ಉರಿಯುತ್ತಿದೆ ಎಂಬುದು ನಮಗಿಂತ ಮೊದಲು ಬಿಸಿಯೂಟದ ಅಡುಗೆಯವರಿಗೆ ಗೊತ್ತಿರುತ್ತದೆ. ಅವರನ್ನು ನಿಮ್ಮ ವಾರದ ಮಾತುಕತೆಯಲ್ಲಿ ಕೂರಿಸಿಕೊಳ್ಳಿ. ಅವರನ್ನು ಅಡುಗೆಕೋಣೆಯಲ್ಲೇ ಬಿಟ್ಟು ಶಾಲಾ ಸಮುದಾಯದ ಬಗ್ಗೆ ಮಾತನಾಡುವುದರಲ್ಲಿ ಅರ್ಥವಿಲ್ಲ.

ಏಳು ಎಂಟನೆಯ ತರಗತಿಯ ಮಕ್ಕಳ ವಿಷಯದಲ್ಲಿ ಮೌನವನ್ನು ಹಗುರವಾಗಿ ಕಾಣಬೇಡಿ. ದೀರ್ಘಕಾಲ ಶಾಲೆ ಮುಚ್ಚಿದಾಗ ಹುಡುಗರು ಕೆಲಸಕ್ಕೆ ಹೋಗುವುದು, ಹುಡುಗಿಯರಿಗೆ ಗುಟ್ಟಾಗಿ ಮದುವೆಯ ಮಾತು ನಡೆಯುವುದು ನಾವು ಕಣ್ಣಾರೆ ಕಂಡ ಸಂಗತಿ. ವಾರಕ್ಕೊಮ್ಮೆ ಶಿಕ್ಷಕರು ಆ ಹುಡುಗಿಯೊಂದಿಗೇ ಮಾತನಾಡುತ್ತಾರೆ ಎಂಬುದು ಗೊತ್ತಿರುವ ಮನೆಯಲ್ಲಿ ಅಂಥ ಮಾತು ಅಷ್ಟು ಸುಲಭವಾಗಿ ಮುಂದುವರಿಯುವುದಿಲ್ಲ. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ನೀವೇ ಪಂಚಾಯಿತಿ ಸೇರಿಸಲು ಹೋಗಬೇಡಿ. ಮಗುವೊಂದು ತೀರಾ ಕುಗ್ಗಿದಂತೆ, ನಿದ್ದೆ ಊಟ ಬಿಟ್ಟಂತೆ ಕಂಡರೆ ಟೆಲಿ ಮನಸ್ ಸಹಾಯವಾಣಿ 14416 ಇದೆ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಗಳು ಶಿಕ್ಷಕರಿಗೂ ಸೇರಿದವು.

ಶಿಕ್ಷಕರ ಮಾತನ್ನು ನೀವು ಪತ್ರದಲ್ಲಿ ಎತ್ತಿದ್ದೀರಿ, ಆದರೆ ನಿಮ್ಮ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ. ಹದಿನಾರು ಮನೆಗಳ ಕಷ್ಟ ಕೇಳಿ ಫೋನ್ ಇಟ್ಟವರಿಗೆ ಅದನ್ನು ಇಳಿಸಿಕೊಳ್ಳಲು ಒಂದು ಜಾಗ ಬೇಕು. ವಾರಾಂತ್ಯದಲ್ಲಿ ನೀವು ನಾಲ್ವರೂ ಅರ್ಧ ಗಂಟೆ ಮಾತನಾಡಿ, ಆ ಅರ್ಧ ಗಂಟೆಯಲ್ಲಿ ಇಲಾಖೆಗೆ ಕಳುಹಿಸಬೇಕಾದ ಯಾವ ಮಾಹಿತಿ ನಮೂನೆಯ ಸುದ್ದಿಯೂ ಬರಬಾರದು. ರಾತ್ರಿ ಎಂಟರ ಮೇಲೆ ಪೋಷಕರಿಗೆ ಉತ್ತರಿಸಬೇಕಾಗಿಲ್ಲ ಎಂದು ಮುಖ್ಯ ಶಿಕ್ಷಕಿಯಾದ ನೀವೇ ಹೇಳಿ, ನೀವೇ ಮೊದಲು ಪಾಲಿಸಿ. ಅತಿಥಿ ಶಿಕ್ಷಕಿಯ ಪರಿಸ್ಥಿತಿ ಬೇರೆ. ಶಾಲೆ ದೀರ್ಘಕಾಲ ಮುಚ್ಚಿದರೆ ಮೊದಲು ಅಲುಗುವುದು ಅವರ ಗೌರವಧನ. ಅವರ ಪಾಲಿನ ಮಕ್ಕಳ ಜೊತೆಗೆ ಅವರ ಹೆಸರನ್ನೂ ಯಾರಾದರೊಬ್ಬರು ತಮ್ಮ ಲೆಕ್ಕದಲ್ಲಿ ಬರೆದುಕೊಳ್ಳಬೇಕು.

ಎಸ್‌ಡಿಎಂಸಿ ಅಧ್ಯಕ್ಷರ ಉತ್ಸಾಹವನ್ನು ದಯವಿಟ್ಟು ತಣಿಸಬೇಡಿ, ದಾರಿ ಬದಲಿಸಿ. ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಂ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಆದರೆ ಸಭೆ ಯಾವಾಗಲೂ ಶಾಲೆಯಲ್ಲಿ, ಹಗಲು ಹೊತ್ತಿನಲ್ಲಿ ನಡೆದರೆ ದೂರದ ಮಜರೆಯ ಕೂಲಿ ಮಾಡುವ ತಾಯಿ ಸಹಿಗೆ ಮಾತ್ರ ಸದಸ್ಯೆಯಾಗಿ ಉಳಿಯುತ್ತಾರೆ. ಮಳೆಗೆ ಮುಂಚಿನ ಒಂದು ಸಭೆಯನ್ನು ದಾರಿ ಕಡಿತವಾಗುವ ಮಜರೆಯಲ್ಲಿಯೇ ಸಂಜೆ ನಡೆಸಿ. ದಾನಿಗಳು ಸಿಕ್ಕರೆ ಫೋನ್ ಸಂಪೂರ್ಣ ಇಲ್ಲದ ಮನೆಗಳಿಗೆ ಸಾದಾ ಫೋನ್, ತೀರಾ ಬಡ ಮನೆಗಳಿಗೆ ಮಳೆಗಾಲದ ತಿಂಗಳುಗಳ ರೀಚಾರ್ಜ್, ಎಲ್ಲ ಮಕ್ಕಳಿಗೂ ಅಭ್ಯಾಸ ಹಾಳೆ ನೆನೆಯದಂತಹ ಪ್ಲಾಸ್ಟಿಕ್ ಚೀಲ ಎಂದು ಕೇಳಿ. ಇಷ್ಟಕ್ಕೆ ಎರಡೋ ಮೂರೋ ಟ್ಯಾಬಿನ ಹಣ ಸಾಕಾದೀತು. ಮಿಕ್ಕರೆ ಒಂದು ಟ್ಯಾಬ್ ಶಾಲೆಗಿರಲಿ.

ಶಾಲೆ ಮತ್ತೆ ತೆರೆದ ದಿನ ನೇರವಾಗಿ ಪಾಠಕ್ಕೆ ಹೋಗಬೇಡಿ. 2022ರಲ್ಲಿ ಬೇಸಿಗೆ ರಜೆಯನ್ನು ಮೊಟಕುಗೊಳಿಸಿ ಮೇ 16ರಂದೇ ಶಾಲೆ ಆರಂಭಿಸಿ, ಕೊರೊನಾ ಕಾಲದ ಕಲಿಕಾ ನಷ್ಟ ತುಂಬುವ ‘ಕಲಿಕಾ ಚೇತರಿಕೆ’ ಕಾರ್ಯಕ್ರಮಕ್ಕೆ ಮುನ್ನ ಎರಡು ವಾರ ‘ಮಳೆಬಿಲ್ಲು’ ಎಂದು ಆಟ, ಹಾಡು, ಕಥೆ, ನಾಟಕಗಳಿಗೆ ಬಿಟ್ಟುಕೊಟ್ಟರು. ಹತ್ತು ದಿನದ ಅಂತರಕ್ಕೆ ಅರ್ಧ ದಿನ ಸಾಕು, ಆದರೆ ಆ ಅರ್ಧ ದಿನವನ್ನು ಪಾಠ ಹಿಂದುಳಿದಿದೆ ಎಂಬ ಗಾಬರಿಗೆ ಕೊಡಬೇಡಿ. ಅಂದು ಬಾರದ ಮಕ್ಕಳ ಮನೆಗೆ ಸಂಜೆಯೇ ಅವರವರ ಲೆಕ್ಕದ ಶಿಕ್ಷಕರು ಹೋಗಿ ಬರಲಿ.

ಕೊನೆಯದಾಗಿ, ಕೊಚ್ಚಿಹೋದ ಕಾಲುಸಂಕದ ವಿಷಯ. ಅದನ್ನು ಪತ್ರದಲ್ಲಿ ನೀವು ಹಾಗೆಯೇ ಹೇಳಿ ಮುಂದೆ ಹೋಗಿದ್ದೀರಿ, ಮರಳಿ ಕಟ್ಟಲಾಯಿತೇ ಎಂದು ಬರೆದಿಲ್ಲ. ಆ ಎರಡು ಮಜರೆಗಳ ಮಕ್ಕಳಿಗೆ ಬೇಕಾಗಿರುವುದು ದೂರದಿಂದ ಕಲಿಸುವ ವ್ಯವಸ್ಥೆಗಿಂತ ಶಾಲೆಗೆ ಬರುವ ದಾರಿ. ಹಳ್ಳ ದಾಟಿ ಶಾಲೆಗೆ ಬರುವ ಮಕ್ಕಳಿಗಾಗಿಯೇ ಲೋಕೋಪಯೋಗಿ ಇಲಾಖೆಯಲ್ಲಿ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆಯಡಿ ಮಲೆನಾಡು ಕರಾವಳಿಗಳಲ್ಲಿ ಕಿರುಸೇತುವೆಗಳನ್ನು ಕಟ್ಟಲಾಗಿದೆ. ಎಸ್‌ಡಿಎಂಸಿ ಠರಾವು ಮಾಡಿ, ಆ ಹಳ್ಳ ದಾಟುವ ಮಕ್ಕಳ ಸಂಖ್ಯೆ, ಅವರು ಕಳೆದುಕೊಂಡ ಶಾಲಾ ದಿನಗಳು ಮತ್ತು ಜಾಗದ ಫೋಟೊಗಳನ್ನು ಸೇರಿಸಿ, ಪಂಚಾಯಿತಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ ಮತ್ತು ಶಾಸಕರಿಗೆ ಅರ್ಜಿ ಕೊಡಲಿ. ದಾನಿಗಳ ಮನೆ ಬಾಗಿಲಿಗೆ ಹೋಗಲು ಸಿದ್ಧರಿರುವ ನಿಮ್ಮ ಅಧ್ಯಕ್ಷರಿಗೆ ಒಪ್ಪುವ ಕೆಲಸ ಇದು. ಮಳೆಗಾಲ ಮುಗಿದ ಕೂಡಲೇ ಅರ್ಜಿ ಕೊಟ್ಟರೆ ಬೇಸಿಗೆಯಲ್ಲಿ ನೀರು ಇಳಿದಾಗ ಕೆಲಸ ನಡೆಯಲು ಅವಕಾಶವಿರುತ್ತದೆ. ಜೂನ್‌ನಲ್ಲಿ ಕೊಟ್ಟ ಅರ್ಜಿ ಮುಂದಿನ ವರ್ಷದ ಕಡತಕ್ಕೆ ಸೇರುತ್ತದೆ.